ಒಂದಕ್ಷರವೂ ಹೇಳಿಕೊಡಬಾರದು

"ಮಗು ಓದುವಾಗ ನೀವು ಒಂದಕ್ಷರವೂ ಹೇಳಿಕೊಡಬಾರದು."

ತರಬೇತಿ ಕೊಡಬೇಕಿದ್ದ ಅವನು ಹೊಸದಾಗಿ ಬಂದ ಅವಳಿಗೆ ಹೇಳಿದ ಮೊಟ್ಟಮೊದಲ ಮಾತೇ ಇದು. ಹೆಸರು ಕೇಳಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ.

"ತಡವರಿಸಿದ್ರೆ?"

"ತಡವರಿಸಲಿ."

"ಅಳೋಕೆ ಶುರು ಮಾಡಿದ್ರೆ?"

"ಅಳಲಿ. ಆಮೇಲೆ ಸಮಾಧಾನ ಮಾಡಿ."

ಅಬ್ಬಾ, ಏನು ಮನುಷ್ಯನಪ್ಪಾ ಇವನು... ಮಕ್ಕಳು ಅವನನ್ನು ಗುಮ್ಮ ಎಂದು ಕರೆಯುತ್ತಾರೆಂದು ಮಧ್ಯಾಹ್ನ ಗೊತ್ತಾದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಕಲಿಸುವ ಪುಟ್ಟ ಸಂಸ್ಥೆ ಅದು. ಎರಡು ಕೋಣೆ, ನಾಲ್ಕು ಮೇಜು, ಕಿರುಗುಟ್ಟುವ ಒಂದು ಸ್ಟ್ಯಾಂಡ್ ಫ್ಯಾನು. ಸುಮ್ಮನೆ ಇಂಟರ್ನ್‌ಶಿಪ್ ಮುಗಿಸಿ ಹೋಗೋಣವೆಂದು ಬಂದವಳು ವಾರದೊಳಗೆ ಮಕ್ಕಳಿಗೆ ಅಂಟಿಕೊಂಡಳು. ಅಮ್ಮ ಎಬ್ಬಿಸುವ ಮೊದಲೇ ಏಳುವಷ್ಟು ಖುಷಿ! ಬಾಯಿಗೆ ಬಿಡುವೇ ಕೊಡದ ಎಂಟು ವರ್ಷದ ಒಬ್ಬ ಹುಡುಗಿಗೆ ಅವಳೇ ಚಿನಕುರುಳಿ ಎಂದು ಹೆಸರಿಟ್ಟಳು.

ಗುಮ್ಮನೂ ಅಂಥ ಕೆಟ್ಟವನಲ್ಲ ಅನ್ನಿಸತೊಡಗಿತ್ತು. ದಿನಾ ಫ್ಯಾನನ್ನು ಅವಳ ಮೇಜಿನತ್ತ ತಿರುಗಿಸಿಡುತ್ತಿದ್ದ. ಕೇಳಿದರೆ, "ನಂಗೆ ಗಾಳಿ ಆಗಲ್ಲ" ಅನ್ನುತ್ತಿದ್ದ. ಎದುರು ಮೇಜಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಲೇ!

ಆರನೇ ವಾರ ಎಲ್ಲ ಕೆಟ್ಟಿತು.

ಅಲ್ಲಿನ ಪರೀಕ್ಷೆಯಲ್ಲಿ ನಾಲ್ಕು ಹಂತ: ಅಕ್ಷರ, ಪದ, ವಾಕ್ಯ, ಕಥೆ. ಕಥೆಯ ಕಾರ್ಡನ್ನು ಸರಾಗವಾಗಿ ಓದಿದ ಮಗುವಿಗೆ ತರಗತಿ ಮುಗಿಯಿತು, ಅದರ ಜಾಗಕ್ಕೆ ಬೇರೆ ಮಗು. ಅವಳೇ ಕಲಿಸಿ, ಅವಳೇ ಪರೀಕ್ಷಿಸಿದ ಹನ್ನೊಂದು ಮಕ್ಕಳು ಕಥೆಯ ಹಂತ ದಾಟಿದ್ದರು. ಆ ಪಟ್ಟಿಗೆ ಅಂದು ಮಧ್ಯಾಹ್ನ ಸಂಸ್ಥೆ ಕಟ್ಟಿದ ದೊಡ್ಡಕ್ಕ ಸಹಿ ಹಾಕಬೇಕಿತ್ತು.

ಹೆಮ್ಮೆಯಿಂದ ಬೇಗನೇ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಗುಮ್ಮ ಅವಳ ಚಿನಕುರುಳಿಯನ್ನು ಕೂರಿಸಿಕೊಂಡು ಮತ್ತೆ ಪರೀಕ್ಷೆ ಮಾಡುತ್ತಿದ್ದ. ಪಕ್ಕದಲ್ಲಿ ಅವಳದೇ ಪಟ್ಟಿ. ಏಳು ಮಕ್ಕಳ ಮುಂದಿದ್ದ 'ಕಥೆ'ಯನ್ನು ಹೊಡೆದುಹಾಕಿ 'ಪದ' ಎಂದು ಬರೆದಿದ್ದ.

"ನಾನು ಸುಳ್ಳು ಬರೆದಿದ್ದೀನಿ ಅಂತಾನಾ ಸರ್?"

"ಹಾಗಲ್ಲ..."

"ಮತ್ತೆ ನನ್ನ ಬೆನ್ನ ಹಿಂದೆ ಯಾಕೆ? ನನಗೇ ಒಂದು ಮಾತು ಹೇಳಬಹುದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ನೀವು ಎದುರಿಗಿದ್ರೆ ಆಗ್ತಿರಲಿಲ್ಲ" ಎಂದಷ್ಟೇ ಹೇಳಿ, ಪಟ್ಟಿ ಎತ್ತಿಕೊಂಡು ದೊಡ್ಡಕ್ಕನ ಕೋಣೆಗೆ ಹೋದ.

ದೂರು ಕೊಡೋಕೆ! ಇಷ್ಟು ದಿನ ಈ ಮನುಷ್ಯನ ಬಗ್ಗೆ ಏನೇನೋ ಅಂದುಕೊಂಡೆನಲ್ಲ... ಬ್ಯಾಗಿಗೆ ಸಾಮಾನು ತುಂಬತೊಡಗಿದಳು. ಕಣ್ಣೀರು ನಿಲ್ಲಲಿಲ್ಲ, ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನಾನು ಓದ್ತೀನಿ ಟೀಚರ್, ಅಳಬೇಡಿ" ಎಂದು ಚಿನಕುರುಳಿ ಕಾರ್ಡು ಹಿಡಿದು ನಿಂತಳು.

"ಓದು ಪುಟ್ಟಾ."

ಹುಡುಗಿ ಎರಡು ಪದ ಓದಿ ನಿಂತಳು. ಕಣ್ಣು ಕಾರ್ಡಿನ ಮೇಲಿರಲಿಲ್ಲ, ಟೀಚರ್ ಮುಖದ ಮೇಲಿತ್ತು.

"ಕರ್ಚೀಫ್ ತೆಗೀರಿ ಟೀಚರ್. ಕಾಣಿಸ್ತಿಲ್ಲ."

"ಏನು ಕಾಣಿಸ್ತಿಲ್ಲ?"

"ನಿಮ್ಮ ಬಾಯಿ. ನಾವು ಓದೋಕಾಗ್ದೆ ನಿಂತಾಗೆಲ್ಲ ನೀವು ಅಲ್ಲಾಡಿಸ್ತೀರಲ್ಲ, ಅದು ನೋಡ್ಕೊಂಡೇ ನಾವು ಓದೋದು."

ಅವಳು ಕರ್ಚೀಫು ಕೆಳಗಿಳಿಸಿದಳು. ಒಂದಕ್ಷರವನ್ನೂ ಬಾಯಿಬಿಟ್ಟು ಹೇಳಿಕೊಟ್ಟವಳಲ್ಲ. ಆದರೆ ಮಗು ತಡವರಿಸಿದಾಗೆಲ್ಲ ತುಟಿ ತಾನಾಗಿ ಆಡಿತ್ತು! ಪಟ್ಟಿಗೆ ಸಹಿ ಬಿದ್ದಿದ್ದರೆ, ಓದಲು ಬಾರದ ಏಳು ಮಕ್ಕಳನ್ನು ಇವತ್ತೇ ಹೊರಗೆ ಕಳಿಸಿದಂತಾಗುತ್ತಿತ್ತು.

ಅವಳು ದೊಡ್ಡಕ್ಕನ ಕೋಣೆಗೆ ಓಡಿದಳು. ಅವನು ಆಗಲೇ ಹೊರಗೆ ಹೋಗಿದ್ದ.

"ದೊಡ್ಡಕ್ಕ, ತಪ್ಪು ನನ್ನದು. ಮಕ್ಕಳು ನನ್ನ ತುಟಿ ನೋಡಿ ಓದಿದ್ದಾರೆ."

"ಇದೇನಮ್ಮಾ, ತಪ್ಪಿಗೆ ಪೈಪೋಟಿ? ಅವನು ತನ್ನದು ಅಂತ ಬರೆದುಕೊಟ್ಟು ಹೋದ." ದೊಡ್ಡಕ್ಕ ಕಾಗದವನ್ನು ಮುಂದೆ ಸರಿಸಿದರು. 'ತರಬೇತಿ ಕೊಟ್ಟವನು ನಾನು, ಸರಿಯಾಗಿ ಕೊಡಲಿಲ್ಲ' ಎಂದಿತ್ತು. ಅವಳ ಬಗ್ಗೆ ಒಂದು ಮಾತೂ ಇರಲಿಲ್ಲ.

"ನನ್ನ ರಜೆ ಇನ್ನೂ ಮೂರು ವಾರ ಇದೆ. ಆ ಏಳೂ ಮಕ್ಕಳಿಗೆ ನಾನೇ ಕಲಿಸಿ ಹೋಗ್ತೀನಿ. ಪರೀಕ್ಷೆ ಮಾತ್ರ ಬೇರೆಯವರು ಮಾಡಲಿ."

"ಆಗಲಿ. ಮೊದಲು ಹೋಗಿ ಆ ಗುಮ್ಮನಿಗೆ ಹೇಳು."

ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅವಳು ಒಂದು ಮೆಟ್ಟಿಲು ಬಿಟ್ಟು ಕೂತಳು.

"ಕ್ಷಮಿಸಿ. ಬಾಯಿಗೆ ಬಂದಂತೆ ಮಾತಾಡಿದೆ."

"ಪರವಾಗಿಲ್ಲ."

"ಮೊದಲೇ ಹೇಳಬಾರದಿತ್ತಾ ಸರ್?"

"ಹೇಳಿದ್ರೆ, 'ನನ್ನ ತುಟಿ ಅಲ್ಲಾಡೋದು ನಿಮಗೆ ಹೇಗೆ ಗೊತ್ತು?' ಅಂತ ಕೇಳ್ತಿದ್ರಿ."

ಅವಳು ತಿರುಗಿ ನೋಡಿದಳು. ಗುಮ್ಮನ ಕಿವಿ ಕೆಂಪಾಗಿತ್ತು.

"ಈಗ ಕೇಳ್ತಿದ್ದೀನಿ."

"ಆರು ವಾರದಿಂದ ನೋಡ್ತಾನೇ ಇದ್ದೀನಿ. ಮಕ್ಕಳೂ ಅಲ್ಲೇ ನೋಡ್ತಿದ್ದಾರೆ ಅಂತ ನಿನ್ನೆ ಹೊಳೀತು." ಅವನು ಅವಳತ್ತ ತಿರುಗಿದ. "ನನಗೆ... ನೀವು ಅಂದ್ರೆ..."

ಮಾತು ಅಲ್ಲಿಗೆ ನಿಂತಿತು. ಚಿನಕುರುಳಿ ಕಾರ್ಡು ಹಿಡಿದು ನಿಂತ ಹಾಗೆಯೇ ಅವನು ಅವಳ ಮುಖ ನೋಡಿದ.

ಅವಳು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಳು. "ಒಂದಕ್ಷರವೂ ಹೇಳಿಕೊಡಲ್ಲ."

"ತಡವರಿಸಿದ್ರೆ?"

"ತಡವರಿಸಿ. ನಾನು ಕಾಯ್ತೀನಿ."

ಅವನು ಕಣ್ಣು ಮುಚ್ಚಿಕೊಂಡ. "ನನಗೆ ನೀವು ಅಂದ್ರೆ ತುಂಬಾ ಇಷ್ಟ."

ಕರ್ಚೀಫಿನ ಹಿಂದೆ ಅವಳ ತುಟಿಗಳು ಅವನ ಜೊತೆಗೇ ಅದನ್ನು ಹೇಳಿ ಮುಗಿಸಿದ್ದವು.