ಕೆಂಚಿ ಬೀಳಬೇಕಾಗಿದ್ದ ವಾರ

ಚಿಕ್ಕೋನಿಗೆ ಹಸುವಿನ ಮುಖ ಮಾತ್ರ ಪರಿಚಯ. ಬಾಲದ ಕಡೆಯ ವ್ಯವಹಾರವೆಲ್ಲ ಹನ್ನೊಂದು ವರ್ಷದಿಂದ ಹಿರಿಯ ಅಳಿಯನ ಪಾಲಿಗೇ ಬಂದಿತ್ತು. ಇಬ್ಬರೂ ಷಡ್ಡಕರು. ಅಕ್ಕನನ್ನು ಒಬ್ಬ, ತಂಗಿಯನ್ನು ಇನ್ನೊಬ್ಬ ಮದುವೆಯಾಗಿ, ಮಾವನ ಮೂವತ್ತು ಹಸುಗಳ ಕೊಟ್ಟಿಗೆಯಲ್ಲೇ ಬದುಕು ಕಟ್ಟಿಕೊಂಡವರು. ಹಿರಿಯ ಅಳಿಯ ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಚಿಕ್ಕೋನು ಸಿಳ್ಳೆ ಹಾಕುತ್ತ ಬಂದು ಒಂದೆರಡು ಹಸುಗಳ ಹಣೆ ಸವರಿ ಹೋಗುತ್ತಿದ್ದ. "ಮೂಕ ಪ್ರಾಣಿಗಳಿಗೆ ಅವನನ್ನ ಕಂಡ್ರೆ ಎಷ್ಟು ಪ್ರೀತಿ ನೋಡಿ" ಎಂದು ಮಾವ ಕರಗಿ ನೀರಾಗುತ್ತಿದ್ದರು. ಸಗಣಿ ಬುಟ್ಟಿ ಹೊತ್ತು ಪಕ್ಕದಲ್ಲೇ ನಿಂತವನಿಗೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಹೀಗಿರುವಾಗ ಮಾವನಿಗೆ ಮಂಡಿನೋವು ಜೋರಾಗಿ, ಕೊಟ್ಟಿಗೆಯ ಯಜಮಾನಿಕೆ ಬಿಡುವ ಮನಸ್ಸು ಬಂತು. ದುಡಿದವನ ಕೈಗೆ ಕೀಲಿಕೈ ಕೊಟ್ಟು ಮುಗಿಸಬಹುದಿತ್ತು. ಆದರೆ ಮಾವನಿಗೆ ನ್ಯಾಯದ ಹುಚ್ಚು. ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ತಾಯಿಯ ಎರಡು ಹಸುಗಳನ್ನು ಅವರು ಎಂದೋ ಕೊಟ್ಟಿದ್ದರು: ದೊಡ್ಡವಳಿಗೆ ಕಪ್ಪಿ, ಚಿಕ್ಕವಳಿಗೆ ಕೆಂಚಿ. ಎರಡಕ್ಕೂ ಇದು ನಾಲ್ಕನೇ ಕರು, ಎರಡಕ್ಕೂ ಒಂದೇ ವಾರ ದಿನ ತುಂಬುತ್ತಿತ್ತು. ಕರು ಹಾಕಿದ ಐದನೇ ದಿನ ಯಾವ ಹಸು ಹೆಚ್ಚು ಹಾಲು ಕೊಡುತ್ತದೋ ಆ ಮನೆಗೆ ಯಜಮಾನಿಕೆ ಎಂದು ಮಾವ ಸಾರಿಬಿಟ್ಟರು. ಇಬ್ಬರಿಗೂ ದಿನಕ್ಕೊಂದು ಲೋಟದಂತೆ ಆರು ವಾರಕ್ಕಾಗುವಷ್ಟು, ಒಂದೊಂದು ಕ್ಯಾನ್ ಕ್ಯಾಲ್ಸಿಯಂ ಟಾನಿಕ್ ತಂದುಕೊಟ್ಟು, ಇನ್ನು ನಿಮ್ಮ ನಿಮ್ಮ ಹಸು ನಿಮ್ಮ ನಿಮ್ಮ ಜವಾಬ್ದಾರಿ ಎಂದರು.

ಚಿಕ್ಕೋನು ಆ ಜವಾಬ್ದಾರಿಯಿಂದ ಸಂಜೆಯೊಳಗೇ ಕೈತೊಳೆದುಕೊಂಡ. "ಅಣ್ಣ, ಹೆಂಗೂ ಕಪ್ಪಿಗೆ ಮೇವು ಹಾಕ್ತೀರಲ್ಲ, ಕೆಂಚಿಗೂ ಒಂದು ಕೈ ಹಾಕ್ಬಿಡಿ. ನಿಮಗಿರೋ ಅನುಭವ ನನಗೆಲ್ಲಿದೆ?"

ಹಿರಿಯ ಅಳಿಯ ಆಗಲಿ ಎಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಚಿಕ್ಕೋನ ಕೆಲಸವನ್ನು ನಗುನಗುತ್ತಾ ಒಪ್ಪಿಕೊಂಡಿದ್ದ.

ಹಾಲುಜ್ವರವನ್ನು ಅವನು ಕಣ್ಣಾರೆ ಕಂಡವನು. ಎರಡು ವರ್ಷದ ಹಿಂದೆ ಇದೇ ಕೊಟ್ಟಿಗೆಯಲ್ಲಿ ಕರು ಹಾಕಿದ ಮರುದಿನವೇ ಒಂದು ಹಸು ಕಾಲು ಮಡಚಿ ಬಿದ್ದು, ಕುತ್ತಿಗೆಯನ್ನು ಪಕ್ಕೆಗೆ ಒರಗಿಸಿ, ಕಿವಿ ತಣ್ಣಗಾಗಿ ಮಲಗಿಬಿಟ್ಟಿತ್ತು. ಡಾಕ್ಟರಮ್ಮ ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಿದ್ದೇ ತಡ, ಎದ್ದು ನಿಂತಿತು. ಎದ್ದರೂ ಹಾಲು ಮಾತ್ರ ವಾರಗಟ್ಟಲೆ ಕೈಕೊಟ್ಟಿತ್ತು. ಅಂದರೆ ಕ್ಯಾಲ್ಸಿಯಂ ಇದ್ದರೆ ಹಸು ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಇಷ್ಟು ತಿಳಿಯಲು ಯಾವ ಪುಸ್ತಕ ಬೇಕು?

ಕೆಂಚಿಯ ಟಾನಿಕ್ಕನ್ನೆಲ್ಲ ಅವನು ಒಂದು ಹಳೇ ಎಣ್ಣೆಡಬ್ಬಕ್ಕೆ ಸುರಿದು ಬೂಸಾ ಮೂಟೆಗಳ ಹಿಂದೆ ಅಡಗಿಸಿದ. ಖಾಲಿ ಕ್ಯಾನಿಗೆ ಮೈದಾ ಕದಡಿದ ನೀರು ತುಂಬಿದ. ಅದೇ ಬಿಳುಪು, ಅದೇ ಮಂದ. ವಾಸನೆ ಬಾರದಂತೆ ಎರಡು ದಿನಕ್ಕೊಮ್ಮೆ ಹೊಸದಾಗಿ ಕದಡುತ್ತಿದ್ದ. ದಿನಕ್ಕೊಂದು ಲೋಟ ಖರ್ಚಾದ ಲೆಕ್ಕದಲ್ಲಿ ಮಟ್ಟ ಇಳಿಸುವುದನ್ನೂ ಮರೆಯುತ್ತಿರಲಿಲ್ಲ. ಅಸಲಿ ಟಾನಿಕ್ ಕಪ್ಪಿಗೆ ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಹಸಿರು ಕುದುರೆಮೆಂತೆ ಸೊಪ್ಪು ಕಪ್ಪಿಯ ಗೋದಲಿಗೆ, ಒಣಹುಲ್ಲು ಕೆಂಚಿಗೆ. ಚಿಕ್ಕೋನು ಒಮ್ಮೊಮ್ಮೆ ಉತ್ಸಾಹ ಬಂದು ತಾನೇ ಮೈದಾನೀರನ್ನು ಲೋಟಕ್ಕೆ ಬಗ್ಗಿಸಿ, "ಕುಡಿ ಬಂಗಾರ, ಮೂಳೆ ಗಟ್ಟಿಯಾಗುತ್ತೆ" ಎಂದು ಮುದ್ದು ಮಾಡುತ್ತಿದ್ದ. ಅಂಥ ದಿನ ಹಿರಿಯ ಅಳಿಯನಿಗೆ ರಾತ್ರಿ ಎರಡು ತುತ್ತು ಜಾಸ್ತಿ ಸೇರುತ್ತಿತ್ತು.

ಕೆಂಚಿಯ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ. ಅದು ಸಾಯುವುದೂ ಅವನಿಗೆ ಬೇಕಿರಲಿಲ್ಲ. ಸುಮ್ಮನೆ ಒಂದು ದಿನ ಬಿದ್ದರೆ ಸಾಕು. ಡಾಕ್ಟರಮ್ಮನಿಗೆ ಫೋನು ಮಾಡುವವನೂ ತಾನೇ, ಹಸುವಿನ ತಲೆ ಹಿಡಿದು ಕೂರುವವನೂ ತಾನೇ ಎಂದು ತೀರ್ಮಾನಿಸಿಕೊಂಡಿದ್ದ. ಫೋನು ಮಾಡಿದವನ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಆರು ವಾರ ಕಳೆಯಿತು. ಒಂದು ಸೋಮವಾರ ಬೆಳಗ್ಗೆ ಕೆಂಚಿ ಬಾಲ ಎತ್ತಿ, ಎದ್ದು ಕೂತು ಚಡಪಡಿಸಿತು. ಹಿರಿಯ ಅಳಿಯನ ಆರೈಕೆಯಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ. ನೆಲಕ್ಕೆ ಹೊಸ ಹುಲ್ಲು ಹಾಸಿದ. ಮೊದಲು ಎರಡು ಗೊರಸು, ಅವುಗಳ ಮೇಲೆ ಮೂತಿ ಕಾಣುವವರೆಗೂ ಕೈಹಾಕದೆ ಕಾದ. ಕರುವಿನ ಮೂಗಿನ ಲೋಳೆ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಅರ್ಧ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿದ. ಅಂಗಳದಲ್ಲಿ ಅತ್ತಿತ್ತ ನಡೆದೇ ಸುಸ್ತಾಗಿದ್ದ ಚಿಕ್ಕೋನು ಕಣ್ಣು ಒರೆಸಿಕೊಂಡು, "ಅಣ್ಣ, ನೀವಿಲ್ದೇ ಇದ್ರೆ ನಮ್ಮ ಗತಿ ಏನು!" ಎಂದ. ಮಧ್ಯಾಹ್ನದೊಳಗೆ ಮಾಸು ಕೂಡ ಸಲೀಸಾಗಿ ಬಿತ್ತು. ಕೆಂಚಿ ಮಾತ್ರ ಬೀಳಲಿಲ್ಲ.

ಮಂಗಳವಾರವೂ ಬೀಳಲಿಲ್ಲ. ಹಿರಿಯ ಅಳಿಯ ಗಂಟೆಗೊಮ್ಮೆ ಹೋಗಿ ಅದರ ಕಿವಿ ಮುಟ್ಟಿ ನೋಡುತ್ತಿದ್ದ. ಕಿವಿ ಬೆಚ್ಚಗಿತ್ತು. ಕೆಂಚಿ ಒಣಹುಲ್ಲು ಮೆಲುಕು ಹಾಕುತ್ತಾ ಅವನನ್ನು ತುಂಬು ವಿಶ್ವಾಸದಿಂದ ನೋಡುತ್ತಿತ್ತು. ದೊಡ್ಡ ಮೈಯ ಹಸು, ರೋಗ ನಿಧಾನವಾಗಿ ಏರಬೇಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬುಧವಾರ ಬೆಳಗ್ಗೆ ಕಪ್ಪಿ ಹೆಣ್ಣುಕರು ಹಾಕಿತು. ಕೆಚ್ಚಲು ಬಿರಿಯುವಂತೆ ತುಂಬಿತ್ತು. ಅವನ ಹೆಂಡತಿಯ ಮುಖದಲ್ಲಿ ಆಗಲೇ ಯಜಮಾನಿಯ ಕಳೆ ಬಂದಿತ್ತು. ಹೊತ್ತು ನೆತ್ತಿಗೇರುವಾಗ ಅವಳೇ ಓಡಿಬಂದಳು.

"ರೀ, ಕಪ್ಪಿ ಏಳ್ತಾ ಇಲ್ಲ! ಕಾಲು ನಡುಗಿ ಕೂತ್ಬಿಡ್ತು. ಕಿವಿ ಮುಟ್ಟಿ ನೋಡಿ, ಐಸು!"

ಕಪ್ಪಿ ಕುತ್ತಿಗೆಯನ್ನು ಪಕ್ಕೆಗೆ ಒರಗಿಸಿ ಮಲಗಿತ್ತು. ಹಿರಿಯ ಅಳಿಯ ಅದರ ಕಿವಿ ಮುಟ್ಟಿ ನೋಡಿದ, ಹೋಗಿ ಕೆಂಚಿಯ ಕಿವಿಯನ್ನೂ ಮುಟ್ಟಿ ನೋಡಿದ. ಡಾಕ್ಟರಮ್ಮನಿಗೆ ಫೋನು ಮಾಡಿದವನು ಚಿಕ್ಕೋನು.

ಡಾಕ್ಟರಮ್ಮ ಬಾಟಲಿ ಎತ್ತಿ ಹಿಡಿದು, ನಾಡಿ ನೋಡುತ್ತಾ ನಿಧಾನವಾಗಿ ಏರಿಸಿದರು. ಮುಕ್ಕಾಲು ಬಾಟಲಿ ಮುಗಿಯುವಾಗ ಕಪ್ಪಿ ಮೈನಡುಗಿಸಿ, ತೇಗಿ, ಸಗಣಿ ಹಾಕಿ ತಲೆ ಎತ್ತಿತು. ದೊಡ್ಡವಳು ಗೊಳೋ ಎಂದು ಅತ್ತಳು. ಎರಡು ದಿನ ಪೂರ್ತಿ ಕರೆಯಬೇಡಿ, ಈ ವಾರದ ಹಾಲಿನ ಆಸೆ ಬಿಡಿ ಎಂದರು ಡಾಕ್ಟರಮ್ಮ. ಆಮೇಲೆ ಹಿರಿಯ ಅಳಿಯನ ಕಡೆ ತಿರುಗಿ, "ಗಬ್ಬ ಇದ್ದಾಗ ಇದಕ್ಕೆ ಏನೇನು ಕೊಟ್ರಿ ಯಜಮಾನ್ರೇ?" ಎಂದು ಕೇಳಿದರು.

ಹಸು ನೋಡಿಕೊಳ್ಳಲು ಬರುವುದಿಲ್ಲ ಎನ್ನಿಸಿಕೊಳ್ಳುವುದನ್ನು ಅವನು ಜನ್ಮದಲ್ಲಿ ಸಹಿಸುವವನಲ್ಲ. "ದಿನಕ್ಕೆ ಎರಡು ಲೋಟ ಕ್ಯಾಲ್ಸಿಯಂ ಟಾನಿಕ್, ಹೊಟ್ಟೆ ತುಂಬ ಕುದುರೆಮೆಂತೆ. ಆರು ವಾರದಲ್ಲಿ ಒಂದು ದಿನ ತಪ್ಪಿಸಿಲ್ಲ ಡಾಕ್ಟರಮ್ಮ!"

"ಎರಡು ಲೋಟಾನಾ?" ಎಂದರು ಮಾವ. "ಹಾಗಾದ್ರೆ ನಾನು ಕೊಟ್ಟ ಕ್ಯಾನು ಮೂರು ವಾರಕ್ಕೇ ಮುಗೀಬೇಕಿತ್ತಲ್ಲ ಅಳಿಯಂದಿರೇ?"

ಅಷ್ಟರಲ್ಲಿ ಉಪಕಾರ ಮಾಡಲು ಹೊರಟ ಚಿಕ್ಕೋನು, "ನಮ್ಮದ್ರಲ್ಲಿ ಇನ್ನೂ ಸ್ವಲ್ಪ ಇದೆ, ಕಪ್ಪಿಗೇ ಕುಡಿಸೋಣ" ಎಂದು ಕೆಂಚಿಯ ಕ್ಯಾನು ಹೊತ್ತು ತಂದ. ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿದರು. ಅಂಗೈಗೆ ಸುರಿದುಕೊಂಡು ಬೆರಳಲ್ಲಿ ಉಜ್ಜಿ, ಇದು ಮೈದಾ ಎಂದರು. ಮಾವ ಸೊಂಟದ ಕೀಲಿಕೈ ಬಿಚ್ಚಿ ಚಿಕ್ಕೋನ ಕೈಗಿಟ್ಟರು. ದೊಡ್ಡವಳು ಗಂಡನ ಮುಖ ನೋಡಲಿಲ್ಲ.

ಹಿರಿಯ ಅಳಿಯನಿಗೆ ಕೀಲಿಕೈಗಿಂತ ಹೆಚ್ಚಾಗಿ ಇನ್ನೊಂದು ಕೊರೆಯುತ್ತಿತ್ತು. "ಹಿಟ್ಟಿನ ನೀರು ಕುಡಿದಿದ್ದು ನಿಂತಿದೆ, ಟಾನಿಕ್ ಕುಡಿದಿದ್ದು ಬಿತ್ತು. ಅದ್ಹೇಗೆ ಡಾಕ್ಟರಮ್ಮ?" ಎಂದು ಹೆಚ್ಚುಕಡಿಮೆ ಜಗಳಕ್ಕೇ ನಿಂತ. ಮನೆಯೊಳಗಿನ ಕತೆ ಡಾಕ್ಟರಮ್ಮನಿಗೇನು ಗೊತ್ತು? ಸೂಜಿ ಒರೆಸುತ್ತಾ ಹೇಳಿದರು: "ಕ್ಯಾಲ್ಸಿಯಂ ಕೊಡೋದು ಕರು ಹಾಕಿದ ಮೇಲೆ. ಅದಕ್ಕೆ ಮುಂಚೆ ಸುರಿದ್ರೆ ಮೈ ಸೋಮಾರಿ ಆಗುತ್ತೆ. ಹಾಲು ಇಳಿದಾಗ ಮೂಳೆಯಿಂದ ತೆಕ್ಕೊಳ್ಳೋದೇ ಅದಕ್ಕೆ ಮರೆತುಹೋಗಿರುತ್ತೆ, ಹಸು ಕುಸೀತದೆ. ಕೊನೇ ವಾರಗಳಲ್ಲಿ ಅದನ್ನ ಕಡಿಮೆ ಮಾಡಿ ಒಣಹುಲ್ಲು ಹಾಕಿದ್ರೆ ಮೈ ಮೊದಲೇ ಅಭ್ಯಾಸ ಮಾಡ್ಕೊಂಡಿರುತ್ತೆ. ಕೆಂಚಿಗೆ ಮೇವು ಹಾಕ್ತಿದ್ದವರು ಯಾರೋ, ಅವರ ಹತ್ರ ಹೋಗಿ ಸ್ವಲ್ಪ ಕಲ್ತುಕೊಳ್ಳಿ ಯಜಮಾನ್ರೇ."