ಉಲ್ಟಾ ಸೀರೆಯ ಮುಖಪುಟ

"ಈ ಮುಖಪುಟ ಬಿಡಿಸಿದ ಮಹಾನುಭಾವರು ಯಾರು?"

ಡಿಸೈನ್ ಅಂಗಡಿಯ ಬಾಗಿಲಲ್ಲೇ ನಿಂತು ಬಿಂದುಶ್ರೀ ಕೇಳಿದ ರಭಸಕ್ಕೆ, ಕಂಪ್ಯೂಟರ್ ಮುಂದೆ ಕೂತಿದ್ದ ಯುವಕ ಬೆಚ್ಚಿ ಎದ್ದುನಿಂತ.

"ನಾನೇ... ಮುನೀಂದ್ರ. ನೀವು?"

"ಆ ಕಾದಂಬರಿ ಬರೆದೋಳು!"

ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆ ಡಿಸೈನ್ ಮಾಡಿಕೊಡುವ ಮುನೀಂದ್ರ, ಬಿಡುವಿನಲ್ಲಿ ಬೆಂಗಳೂರಿನ ಪ್ರಕಾಶಕರಿಗೆ ಮುಖಪುಟಗಳನ್ನೂ ಮಾಡುತ್ತಿದ್ದ. ಬಿಂದುಶ್ರೀಯ ಮೊದಲ ಕಾದಂಬರಿ ಕೈಗೆ ಬಂದಾಗ, ಇದೇ ಊರಿನ ಮಗ್ಗದ ಮನೆಯ ಹುಡುಗಿ ಬರೆದದ್ದೆಂದು ಖುಷಿಯಿಂದ ಎರಡೆರಡು ಸಲ ಓದಿದ್ದ. ಈಗ ಅವಳ ಕೆಂಪಗಾದ ಕಣ್ಣು ನೋಡಿ ಆ ಖುಷಿಯೆಲ್ಲ ಜರ್ರನೆ ಇಳಿದುಹೋಯಿತು.

ಅವಳು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಧಾರೆ ಸೀರೆಯೊಂದರ ಹಿಂಬದಿ! ಅಡ್ಡಾದಿಡ್ಡಿ ಜರಿ ಎಳೆಗಳು, ಗಂಟುಗಳು, ಕತ್ತರಿಸಿದ ನೂಲಿನ ತುದಿಗಳು. ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ಕನ್ನಡಿ, ಅದರೊಳಗೆ ಒಂದೇ ಒಂದು ಹೂವು.

"ಊರೋರು ನೋಡಿದ್ರೆ ಡ್ಯಾಮೇಜ್ ಪೀಸು ಅಂತ ನಗ್ತಾರೆ! ಕಥೆ ಓದಿದ್ದೀರೋ ಇಲ್ವೋ? ನನ್ನ ಪ್ರಮೋದಾ ಕೊನೇವರೆಗೂ ನಗ್ತಾನೇ ಇರ್ತಾಳೆ ಕಣ್ರೀ!"

"ಅದಕ್ಕೇ ಮೇಡಂ," ಅವನು ಮೆಲ್ಲಗೆ ಹೇಳಿದ. "ನಿಶ್ಚಯ ಆಗಿದ್ದ ಮದುವೆ ಮುರಿಯುತ್ತೆ. ತನಗೇಂತ ನೇಯ್ದ ಸೀರೇನ ತಂಗಿಗೆ ಉಡಿಸ್ತಾಳೆ. ಇಷ್ಟಾದ್ರೂ ಆ ಹುಡುಗಿ ಒಂದ್ಸಲಾನೂ ಅಳಲ್ಲ. ಓದ್ತಾ ಓದ್ತಾ ನಂಗೆ ಭಯ ಆಗೋಯ್ತು. ಆ ಅಳು ಎಲ್ಲಿ ಹೋಯ್ತು ಅಂತ ಹುಡುಕ್ದೆ..."

ಬಿಂದುಶ್ರೀ ಮೊಬೈಲನ್ನು ಸರ್ರನೆ ಹಿಂದಕ್ಕೆಳೆದುಕೊಂಡಳು.

ಪ್ರಮೋದಾ ಬೇರೆ ಯಾರೂ ಅಲ್ಲ, ಅವಳೇ! ದೇವನಹಳ್ಳಿಯ ಹುಡುಗನ ಜೊತೆ ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದದ್ದು, ಅವಳು ನೇಯ್ದ ಸೀರೆಯಲ್ಲೇ ತಂಗಿಯ ಧಾರೆಯಾದದ್ದು ಬೀದಿಗೆಲ್ಲ ಗೊತ್ತಿತ್ತು. ನಮ್ಮ ಬಿಂದು ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದ್ದರು. ಹೊಗಳಿಸಿಕೊಂಡ ಮೇಲೆ ಅಳುವುದಾದರೂ ಹೇಗೆ?

"ನಿಮಗೆ ಯಾರು ಹೇಳಿದ್ರು?"

"ಏನು?"

"ನಾಟಕ ಆಡ್ಬೇಡಿ! ಊರೋರ ಬಾಯಲ್ಲಿ ಕೇಳಿದ್ದನ್ನ ಮುಖಪುಟ ಮಾಡಿ ನನ್ನ ಮಾನ ಕಳೀತೀರಾ? ನಂಗೆ ನಗ್ತಾ ನಿಂತಿರೋ ಮದುಮಗಳು ಬೇಕು. ಅಷ್ಟೇ!"

ಮುನೀಂದ್ರನ ಮುಖ ಸಪ್ಪಗಾಯಿತು. "ಆಯ್ತು ಮೇಡಂ" ಎಂದಷ್ಟೇ ಹೇಳಿ ಕುಳಿತುಬಿಟ್ಟ.

ಮದುಮಗಳು ತಯಾರಾಗತೊಡಗಿದಳು. ಬಿಂದುಶ್ರೀ ದಿನವೂ ಹೋಗಿ ತಪ್ಪು ಹುಡುಕುತ್ತಿದ್ದಳು. ಮೂಗುತಿ ಬಲಗಡೆ ಬರಲಿ ಎಂದರೆ ಮಾರನೇ ದಿನ ಮತ್ತೆ ಎಡಗಡೆಯೇ ಇರುತ್ತಿತ್ತು. ಇವಳು ರೇಗುತ್ತಿದ್ದಳು, ಅವನು ತುಟಿಪಿಟಕ್ಕೆನ್ನದೆ ತಿದ್ದುತ್ತಿದ್ದ. ಮನೆಗೆ ಬಂದರೆ ಅವಳಿಗೆ ಊಟ ಸೇರದು, ಕೂತಲ್ಲಿ ಕೂರಲಾಗದು.

'ಒಂದು ಮಾತಾದ್ರೂ ತಿರುಗಿ ಆಡಬಾರದಾ? ಅವತ್ತು ಅಷ್ಟು ಮಾತಾಡಿದವನು...'

ಕೊನೆಗೂ ಪೂರ್ತಿ ಮುಖಪುಟ ಮೊಬೈಲಿಗೆ ಬಂತು. ಮದುಮಗಳು ಹಲ್ಲು ಬಿಟ್ಟು ನಗುತ್ತಿದ್ದಳು. ಬಿಂದುಶ್ರೀಯ ಅಮ್ಮ ಅಂಜನಮ್ಮ, "ಲಕ್ಷಣವಾಗೈತೆ ಕಣೇ!" ಎಂದರು. ಆದರೆ ಬಿಂದುಶ್ರೀಯ ಕಣ್ಣು ಹೋದದ್ದು ಬೆನ್ನುಪುಟದ ತಳಕ್ಕೆ. ಮೊದಲ ಚಿತ್ರದಲ್ಲಿ ಅಲ್ಲಿದ್ದ ಮುನೀಂದ್ರನ ಹೆಸರೇ ಇರಲಿಲ್ಲ!

ಬೇಕಾದದ್ದು ಸಿಕ್ಕಿತ್ತು. ಮತ್ತೇಕೆ ಈ ಸಂಕಟ?

ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗದ ಸದ್ದು ನಿಂತಿತು.

"ಬಿಂದೂ, ಹೂವು ಸರಿಯಾಗಿ ಬಿದ್ದೈತಾ ನೋಡೇ ಸ್ವಲ್ಪ!" ಮಗ್ಗದ ಬಳಿಯಿಂದ ಅಮ್ಮ ಕೂಗಿದರು.

ಅವರ ಮಗ್ಗದಲ್ಲಿ ಜರಿ ಸೀರೆಯ ಮುಖ ಕೆಳಗಿರುತ್ತದೆ. ನೇಯುವವರಿಗೆ ದಿನವಿಡೀ ಕಾಣುವುದು ಹಿಂಬದಿಯೇ. ಹೂವು ನೋಡಬೇಕೆಂದರೆ ಕೆಳಗೆ ಕನ್ನಡಿ ಹಿಡಿಯಬೇಕು. ಬಿಂದುಶ್ರೀ ಎಂದಿನಂತೆ ಕನ್ನಡಿ ತಗೊಂಡು ಬಗ್ಗಿದಳು...

ಬಗ್ಗಿದವಳು ಹಾಗೇ ಉಳಿದಳು. ಮೇಲೆ ಗಂಟು, ತುಂಡು ನೂಲು. ಕನ್ನಡಿಯಲ್ಲಿ ಒಂದು ಹೂವು.

'ಅಯ್ಯೋ! ಮಗ್ಗದ ಮುಂದೆ ಕೂತವರ ಸೀರೆ ಇದು! ನನ್ನ ಪ್ರಮೋದಾ ಕೂತಿದ್ದ ಜಾಗ! ಹುಟ್ಟಿದಾಗಿನಿಂದ ನೋಡಿದ್ದನ್ನ ನಾನೇ ಡ್ಯಾಮೇಜ್ ಅಂದೆನಲ್ಲ...'

ನೇಯುವವರ ಮನೆಯಲ್ಲಿ ಹುಟ್ಟಿ, ಅವಳು ಆ ಚಿತ್ರವನ್ನು ಕೊಳ್ಳುವವರ ಕಣ್ಣಿನಿಂದ ನೋಡಿದ್ದಳು.

ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಓಡಿಹೋದರೆ ಅಂಗಡಿಗೆ ಬೀಗ. "ಬೆಂಗಳೂರಿನ ಪ್ರೆಸ್ಸಲ್ಲಿ ಬಣ್ಣ ನೋಡ್ಬೇಕಂತೆ, ಈಗ್ತಾನೇ ಸ್ಟೇಷನ್ನಿಗೆ ಹೋದ್ರಮ್ಮಾ" ಎಂದ ಪಕ್ಕದ ಟೀ ಅಂಗಡಿಯವನು. ಇವತ್ತೇ ಅಚ್ಚಾಗಿಬಿಟ್ಟರೆ ಆ ನಗುವ ಹುಡುಗಿ ಜನ್ಮಪೂರ್ತಿ ತನ್ನ ಪುಸ್ತಕಕ್ಕೆ ಅಂಟಿಕೊಂಡಂತೆಯೇ!

ಆಟೋ ನಿಲ್ಲುವ ಮೊದಲೇ ಇಳಿದು ಪ್ಲಾಟ್‌ಫಾರ್ಮಿಗೆ ಓಡಿದಳು.

"ಮುನೀಂದ್ರಾ!"

ಮೊದಲ ಸಲ ಅವನ ಹೆಸರು ಕೂಗಿದ್ದಳು. ಅವನು ತಿರುಗಿದ.

"ಮೂಗುತಿ ಮತ್ತೆ ತಪ್ಪಾಯ್ತಾ ಮೇಡಂ?"

"ಮದುಮಗಳೇ ಬೇಡ. ನಿಮ್ಮ ಉಲ್ಟಾ ಸೀರೇನೇ ಬೇಕು." ಅವಳು ಏದುಸಿರು ಬಿಡುತ್ತಿದ್ದಳು. "ನಾನು ಬರೆಯೋಕೆ ಹೆದರಿದ್ದನ್ನ ನೀವು ಬಿಡಿಸಿದ್ರಿ. ಒಂದೇ ಒಂದು ಹೇಳಿ... ನನ್ನ ಮದುವೆ ಮುರಿದಿದ್ದು ನಿಮಗೆ ಯಾರು ಹೇಳಿದ್ರು? ಕೋಪ ಮಾಡ್ಕೊಳಲ್ಲ."

ಮುನೀಂದ್ರ ದಿಗ್ಭ್ರಮೆಯಿಂದ ನೋಡಿದ.

"ನಿಮ್ಮ ಮದುವೆ... ಮುರೀತಾ?"

"ಗೊತ್ತಿರ್ಲಿಲ್ವಾ?"

"ನಮ್ಮೂರು ಅರಿಶಿನಕುಂಟೆ. ಈ ವರ್ಷ ಯುಗಾದಿ ಆದ್ಮೇಲೆ ಈ ಊರಿಗೆ ಬಂದೋನು. ನಂಗ್ಯಾರು ಹೇಳ್ತಾರೆ? ಪ್ರಮೋದಾ ಅಳಲಿಲ್ಲ ಅನ್ನೋದಷ್ಟೇ ಗೊತ್ತಿತ್ತು... ನೀವೂ ಅತ್ತಿಲ್ವಾ ಬಿಂದುಶ್ರೀ?"

ಅಷ್ಟೇ. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಬಿಂದುಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಮುನೀಂದ್ರ ಸುಮ್ಮನಿರಿ ಎನ್ನಲಿಲ್ಲ. ಜನರಿಗೆ ಅವಳ ಮುಖ ಕಾಣದಂತೆ ಅಡ್ಡವಾಗಿ ನಿಂತ. ರೈಲು ಬಂತು, ಹೋಯಿತು.

"ರೈಲು..." ಎಂದಳು ಕಣ್ಣೊರೆಸಿಕೊಂಡು.

"ಬಸ್ಸಿದೆ ಬಿಡಿ. ನಾನೂ ಒಂದು ನಿಜ ಹೇಳ್ಬೇಕು. ಪ್ರಮೋದಾನ ಬರೆದೋರ್ನ ನೋಡ್ಬೇಕು ಅಂತ ಓದಿದಾಗ್ಲೇ ಅನ್ಸಿತ್ತು. ನೀವು ಬಂದು ಬೈದ್ರಿ. ಬೈಯೋಕಾದ್ರೂ ದಿನಾ ಬರ್ಲಿ ಅಂತ... ಮೂಗುತಿ ಬೇಕಂತ್ಲೇ ತಪ್ಪು ಹಾಕ್ತಿದ್ದೆ. ನಂಗೆ ನೀವಂದ್ರೆ ತುಂಬಾ ಇಷ್ಟ."

ಅತ್ತ ಕಣ್ಣಲ್ಲೇ ಅವಳಿಗೆ ನಗು ಬಂತು. ಈ ಸಲದ ನಗು ಯಾರ ಹೊಗಳಿಕೆಗೂ ಅಲ್ಲ.

"ನಿಮ್ಮ ಹೆಸರು ಯಾಕೆ ತೆಗೆದ್ರಿ?"

"ಆ ಮದುಮಗಳು ನನ್ನೋಳಲ್ಲ, ಅದಕ್ಕೆ."

"ಈಗ ಹಾಕಿ."

"ಎಲ್ಲಿ? ಹಿಂದ್ಗಡೆ ಕೆಳಗಾ?"

"ಮುಂದ್ಗಡೆ... ನನ್ನ ಹೆಸರಿನ ಪಕ್ಕ."

"ಪುಸ್ತಕದಲ್ಲಿ ಮಾತ್ರಾನಾ?"

ಬಿಂದುಶ್ರೀ ತಲೆ ತಗ್ಗಿಸಿ, ಅವನ ಅಂಗಿಯ ತೋಳಿಗೆ ಅಂಟಿದ್ದ ನೂಲಿನ ಎಳೆಯೊಂದನ್ನು ಮೆಲ್ಲಗೆ ತೆಗೆದಳು.

"ಮನೆಗೆ ಬಂದು ಅಮ್ಮನ್ನ ಕೇಳಿ. ಮೂಗುತಿ ತರೋದಾದ್ರೆ... ಬಲಗಡೆಗೆ!"