ಮೂರನೇ ಸಾಲಿಗೆ ಮೊದಲು ಒಂದು ಉಸಿರು

"ಪಿಯಾನೋ ನಿಲ್ಲಿಸಿದ್ದು ಯಾಕೆ?!"

ಹೊಸ ಮಿಸ್ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಶಾಲೆಯ ವೃಂದಗಾನ ನಡೆಸಲು ಬಂದ ಮೊದಲ ದಿನವೇ ಹೀಗಾ!

ಪಿಯಾನೋ ಸರ್ ತಲೆ ಎತ್ತಿ ನೋಡಿದ. ಅಬ್ಬಾ, ಆ ಕಣ್ಣು... ನಿದ್ದೆಯನ್ನೇ ಮರೆತಂಥ ಕಣ್ಣು.

"ಸಾರಿ ಮಿಸ್. ಮತ್ತೆ ಶುರು ಮಾಡೋಣ."

ಮತ್ತೆ ಹಾಡಿಸಿದಳು. ಮೂರನೇ ಸಾಲು ಬರುವ ಮೊದಲು ಮತ್ತೆ ಅದೇ! ಪಿಯಾನೋ ನಿಂತಿತು, ಮಕ್ಕಳೂ ನಿಂತರು. ಯಾರೋ ಬಂದು ಹೋದಂಥ ಮೌನ. ಅವಳ ಬೆನ್ನು ಜುಮ್ಮೆಂದಿತು.

"ಇಲ್ಲಿ ನಿಲ್ಲಬೇಕು ಅಂತ ಹಾಳೇಲಿ ಎಲ್ಲಿದೆ ಮಕ್ಕಳೇ? ನನಗಂತೂ ಕಾಣಿಸ್ತಿಲ್ಲಪ್ಪ!"

ಮುಂದೆ ನಿಂತಿದ್ದ ಎರಡು ಜಡೆಯ ಹುಡುಗಿ ತಣ್ಣಗೆ ಹೇಳಿದಳು.

"ಹಾಳೇಲಿಲ್ಲ ಮಿಸ್. ಅಲ್ಲಿ ದೊಡ್ಡ ಮಿಸ್ ಉಸಿರು ತಗೋತಾರೆ."

ತಗೋತಾರೆ! 'ತಗೋತಿದ್ರು' ಅಲ್ಲ...

ದೊಡ್ಡ ಮಿಸ್ ತೀರಿಕೊಂಡು ವರ್ಷವಾಗಿತ್ತು. ಈ ಹಾಡು ಕಲಿಸಿದವರು ಅವರೇ. ಅವರು ಪಿಯಾನೋ ಸರ್‌ನ ಹೆಂಡತಿ.

ದಿನಗಳು ಉರುಳಿದವು. ಗಂಟಲು ಸಡಿಲವಾಗಲಿ ಎಂದು ಹೊಸ ಮಿಸ್ ಮಕ್ಕಳಿಗೆ ರೈಲಿನ ಆಟ ಕಲಿಸಿದಳು. ಅವರು 'ಕೂ...' ಎಂದರೆ ಸರ್ ಪಿಯಾನೋದಲ್ಲೇ ರೈಲು ಓಡಿಸುತ್ತಿದ್ದ.

"ಮಕ್ಕಳಿಗಿಂತ ನಿಮ್ಮ ಕೂಗೇ ಜೋರು ಮಿಸ್!"

"ಮತ್ತೆ? ಎಂಜಿನ್ ಯಾರು ಅಂದ್ಕೊಂಡ್ರಿ?"

ಅವನು ನಕ್ಕ. ಆ ನಗು ನೋಡಿದ್ದೇ ತಡ, ಅವಳ ಎದೆಯಲ್ಲಿ ಏನೋ ಜಾರಿಹೋಯಿತು.

ಆದರೆ ಮೂರನೇ ಸಾಲು ಹತ್ತಿರ ಬಂದರೆ ಸಾಕು, ಅವನ ಬೆರಳು ನಿಲ್ಲುತ್ತಿತ್ತು. ನೋಟ ಅವಳ ಕಡೆಗೇ ಇರುತ್ತಿತ್ತು. ತನ್ನನ್ನು ದಾಟಿ, ಇದೇ ಜಾಗದಲ್ಲಿ ನಿಲ್ಲುತ್ತಿದ್ದವಳನ್ನು ನೋಡುತ್ತಿದ್ದಾನೆ ಅಂತ ಅವಳಿಗೆ ಅನಿಸುತ್ತಿತ್ತು.

'ಇಲ್ಲದವರ ಜೊತೆ ನಾನು ಹೇಗೆ ಪೈಪೋಟಿಗೆ ಇಳೀಲಿ?'

ಒಂದು ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ, ಹಾಳೆಗಳನ್ನು ಚೀಲಕ್ಕೆ ತುರುಕುತ್ತಾ ಹೇಳಿಯೇಬಿಟ್ಟಳು.

"ನಾನು ಬೇರೆ ಶಾಲೆ ನೋಡ್ಕೋತೀನಿ ಸರ್."

"ಯಾಕೆ? ಏನಾಯ್ತು ಮಿಸ್?"

"ಇಲ್ಲಿ ನಿಂತಿರೋಳು ನಾನು. ನೀವು ಕಾಯೋದು ಮಾತ್ರ ಅವರಿಗೆ! ನನ್ನ ಕೈಲಿ ಆಗಲ್ಲ... ನೀವಂದ್ರೆ ನನಗೆ..."

ಮಾತು ಅರ್ಧಕ್ಕೇ ಬಿಟ್ಟು ಚೀಲ ಹೆಗಲಿಗೆ ಹಾಕಿಕೊಂಡಳು.

ಅವನು ಮೆಲ್ಲಗೆ ಪಿಯಾನೋ ಮುಚ್ಚಿದ.

"ಸುಳ್ಳು ಹೇಳಲ್ಲ. ಮೊದಲು ಅವಳಿಗೇ ಕಾಯ್ತಿದ್ದೆ. ಕೊನೆಕೊನೆಗೆ ಎರಡು ಸಾಲು ಹಾಡಿಸೋಷ್ಟರಲ್ಲಿ ಅವಳಿಗೆ ಉಸಿರು ಸಾಲ್ತಿರಲಿಲ್ಲ. ಅವಳು ಹೋದ್ಲು, ನನ್ನ ಕೈಗೆ ಅಭ್ಯಾಸ ಹೋಗ್ಲಿಲ್ಲ. ಆದ್ರೆ ಈಗ ನಿಲ್ಲಿಸೋದು ನಿಮಗೋಸ್ಕರ ಕಣ್ರೀ!"

"ನನಗಾ?!"

"ಕೈ ಎತ್ತಿದ ಕೂಡಲೇ ಉಸಿರು ಬಿಗಿ ಹಿಡೀತೀರ. ಎರಡನೇ ಸಾಲಿಗೆ ಮುಖ ಟೊಮೇಟೊ ಹಣ್ಣು! ಮಕ್ಕಳಿಗೆಲ್ಲ ಹೊಟ್ಟೆಯಿಂದ ಉಸಿರು ತಗೊಳ್ಳಿ ಅಂತೀರ, ನೀವು ಮಾತ್ರ ಉಸಿರೇ ಆಡಲ್ಲ. ಒಬ್ಬಳ ಉಸಿರು ನಿಲ್ಲೋದನ್ನ ನೋಡಿದೀನಿ ನಾನು... ನೀವು ಉಸಿರು ಬಿಡೋ ತನಕ ನನ್ನ ಕೈ ಮುಂದಕ್ಕೆ ಹೋಗಲ್ಲ."

ಅವಳು ಎದೆ ಮುಟ್ಟಿಕೊಂಡಳು. ಹೌದಲ್ಲ... ಈಗಲೂ ಬಿಗಿ ಹಿಡಿದೇ ನಿಂತಿದ್ದಳು! ದಳದಳನೆ ಕಣ್ಣೀರು ಇಳಿಯಿತು, ಜೊತೆಗೆ ಉಸಿರೂ.

ಮರುದಿನ ಪ್ರತಿ ಮಗುವಿನ ಹಾಳೆಯಲ್ಲೂ ಮೂರನೇ ಸಾಲಿಗೆ ಮೊದಲು ಪೆನ್ಸಿಲ್‌ನಿಂದ ಅಲ್ಪವಿರಾಮದಂಥ ಪುಟ್ಟ ಗುರುತು ಹಾಕಿದಳು. ಹಾಡುವವರು ಉಸಿರು ತೆಗೆದುಕೊಳ್ಳುವ ಗುರುತು.

"ಇದು ದೊಡ್ಡ ಮಿಸ್‌ದಾ?" ಎಂದಳು ಎರಡು ಜಡೆ.

"ಹೂಂ ಪುಟ್ಟಿ. ಇನ್ಮೇಲೆ ಅವರ ಜೊತೆ ನಾವೂ ತಗೊಳ್ಳೋಣ."

ಮೂರನೇ ಸಾಲು ಬಂತು. ಇಡೀ ಕೋಣೆ ಒಟ್ಟಿಗೆ ಉಸಿರು ತೆಗೆದುಕೊಂಡಿತು, ಅವಳೂ! ಬೆನ್ನು ಜುಮ್ಮೆನ್ನಲಿಲ್ಲ.

ಹಾಡು ಮುಗಿದ ಮೇಲೆ ಪಿಯಾನೋ ಹತ್ತಿರ ಹೋದಳು.

"ಈಗ ಹಾಳೇಲೇ ಇದೆ ಸರ್. ನೀವು ಕಾಯಬೇಕಾಗಿಲ್ಲ."

"ಕಾಯ್ಲೇಬಾರ್ದಾ?"

"ಕಾಯ್ರಿ... ಬಾಗಿಲ ಹತ್ರ. ಒಟ್ಟಿಗೆ ಹೋಗೋಣ."